ವೇಷವೂ ಒಂದು ವಿದ್ಯೆ

ಮಕರ ಸಂಕ್ರಮಣವು ಸಮೀಪಿಸಿತೆಂದರೆ ಸೊಲ್ಲಾಪುರದ ಸಿಂಪಿಗರ ಅಂಗಡಿಗಳಲ್ಲಿ ಶುಭ್ರವಾದ ಬಿಳಿಯ ಅರಿವೆಯ ಥಾನುಗಳು ಬಿಚ್ಚಿಕೊಳ್ಳುತ್ತವೆ. ಶ್ರೀ ಸಿದ್ಧೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳನ್ನು ಹೊರುವವರೂ ಅವುಗಳ ಸಂಗಡ ನಡೆಯುವ ಭಕ್ತರೂ ತೊಡುವ ‘ಬಾರಾಬಂದಿ’ಯನ್ನು ಹೊಲಿಯುವ ಕಾಲವದು. ಬಾರಾಬಂದಿಯೆಂದರೆ ಗುಂಡಿಗಳ ಬದಲು ಕಸೆಗಳಿಂದ ಬಿಗಿಯುವ ಅಂಗಿ. ಹನ್ನೆರಡು ಕಟ್ಟುಗಳೆಂಬ ಅರ್ಥದಿಂದ ಅದಕ್ಕೆ ಆ ಹೆಸರು. ವರ್ಷವಿಡೀ ಪ್ಯಾಂಟು ಷರ್ಟು ತೊಟ್ಟು ಅಂಗಡಿ, ಕಚೇರಿ, ಕಾರಖಾನೆಗಳಲ್ಲಿ ದುಡಿಯುವ ಮನುಷ್ಯನು ಅಂದು ಬಾರಾಬಂದಿಯನ್ನು ತೊಟ್ಟು ನಿಂತನೆಂದರೆ ಅವನ ನಡೆಯೇ ಬೇರೆಯಾಗುತ್ತದೆ, ಮಾತು ಕಡಿಮೆಯಾಗುತ್ತದೆ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮೇಶ್ವರರ ಸೇವಕನಾಗಿ ಅವನು ಹೆಜ್ಜೆಯಿಡುತ್ತಾನೆ. ಕೆಲವು ಗಜ ಬಿಳಿಯ ಅರಿವೆಯು ಮಾಡುವ ಕೆಲಸವಿದು!

ಉಡುಪೆಂಬದು ಮೈ ಮುಚ್ಚುವ ಸಾಧನವಷ್ಟೇ ಅಲ್ಲವೆಂಬ ಸಂಗತಿಯನ್ನು ನಮ್ಮ ಹಿರಿಯರು ಬಹು ಹಿಂದೆಯೇ ಅರಿತಿದ್ದರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಆಂಗಿಕ, ವಾಚಿಕ, ಸಾತ್ವಿಕ, ಆಹಾರ್ಯ ಎಂದು ನಾಲ್ಕು ಬಗೆಯ ಅಭಿನಯಗಳನ್ನು ಹೇಳಿದ್ದಾನೆ. ಆಹಾರ್ಯವೆಂದರೆ ವೇಷ, ಭೂಷಣ, ಬಣ್ಣ, ರಂಗದ ಪರಿಕರ ಇವುಗಳ ಮೂಲಕ ನಡೆಯುವ ಅಭಿನಯ. ಅದನ್ನು ಅಲಂಕಾರವೆಂದು ಬದಿಗಿಡದೆ ಅಭಿನಯವೆಂದೇ ಕರೆದದ್ದನ್ನು ವಾಚಕರು ಗಮನಿಸಬೇಕು. ಪಾತ್ರಧಾರಿಯು ಬಾಯಿ ತೆರೆಯುವದಕ್ಕಿಂತ ಮೊದಲೇ ಅವನ ಉಡುಪು ಅರ್ಧ ಕಥೆಯನ್ನು ಹೇಳಿರುತ್ತದೆ.

ಈ ವಿಷಯವನ್ನು ಈ ಸಲ ಎತ್ತಿಕೊಳ್ಳಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಸ್ನೇಹಸಮ್ಮೇಳನದಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಪ್ರಸಂಗವನ್ನು ಮಕ್ಕಳು ಆಡುವವರಿದ್ದರು. ರೂಢಿಯಂತೆ ವೇಷಗಳ ಗಂಟು ಬಾಡಿಗೆಯಿಂದ ಬಂದಿತು. ಬಿಚ್ಚಿ ನೋಡಿದರೆ ಮಿರಿಮಿರಿ ಮಿಂಚುವ ಕೇಸರಿ ಸ್ಯಾಟಿನ್ನಿನ ನಿಲುವಂಗಿಗಳು, ಜರತಾರಿ ಅಂಚಿನ ಶಲ್ಯಗಳು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಅವನ್ನು ಮುಟ್ಟಿ ನೋಡಿ, “ಸರ್, ಮಣ್ಣಿನ ಬುಟ್ಟಿ ಹೊರೂವರು ಇಷ್ಟು ಮಿಂಚೂ ಅರಿವಿ ಹಾಕ್ಕೋತಾರೇನ್ರಿ?” ಎಂದು ಕೇಳಿದಳು. ಕೇಳಿ ಸುಮ್ಮನಾಗಲಿಲ್ಲ. ಗೆಳತಿಯರನ್ನು ಕೂಡಿಸಿಕೊಂಡು ಮನೆಮನೆಗಳಿಂದ ಹಳೆಯ ಧೋತರಗಳನ್ನು ತಂದಳು. ಚಹದ ನೀರಿನಲ್ಲಿ ಅದ್ದಿ ಅವುಗಳ ಬಿಳುಪನ್ನು ಮುರಿದಳು. ತನ್ನ ಮನೆಯ ಮಷಿನ್ನಿನ ಮೇಲೆ ಕಸೆಯ ಅಂಗಿಗಳನ್ನು ಹೊಲಿದಳು. ಅಂದು ರಂಗದ ಮೇಲೆ ಮಕ್ಕಳು ಬುಟ್ಟಿ ಹೊತ್ತು ಬಂದಾಗ ಕುಳಿತ ಜನಕ್ಕೆ ವೇಷ ಕಾಣಲಿಲ್ಲ, ಕೆರೆಯೇ ಕಂಡಿತು.

ಆ ಹುಡುಗಿಯು ಈಗ ಅಕ್ಕಲಕೋಟೆಯಲ್ಲಿ ಹನ್ನೆರಡನೆಯ ಇಯತ್ತೆಯನ್ನು ಮುಗಿಸಿದ್ದಾಳೆ. ನಾಟಕದ ವೇಷಭೂಷಣವನ್ನೇ ಶಾಸ್ತ್ರೋಕ್ತವಾಗಿ ಕಲಿಯಬೇಕೆಂಬದು ಅವಳ ಹಂಬಲ. ಅವಳ ತಂದೆ ಶಾಲಾ ಸಮವಸ್ತ್ರಗಳನ್ನು ನಗದಿನ ಲೆಕ್ಕದಲ್ಲಿ ಹೊಲಿದುಕೊಡುವವರು. ಅವರು ನಮ್ಮಲ್ಲಿಗೆ ಬಂದು, “ಗುರುಗಳ, ನಮ್ಮ ಮನ್ಯಾಗ ಮೂರು ಮಷಿನ್ ಅದಾವು. ಹೊಲಿಗಿ ಕಲಿಯಾಕ ಕಾಲೇಜಿಗಿ ಯಾಕ ಹೋಗಬೇಕ್ರಿ? ಅಕಿ ಹೋದ್ಲಂದ್ರ ಒಂದು ಮಷಿನ್ ನಿಂತಂಗ ಆತು” ಎಂದರು. ಈ ಮಾತಿನಲ್ಲಿ ಉಡಾಫೆಯಿಲ್ಲ. ದುಡಿಯುವ ಮನೆಯೊಂದರ ಲೆಕ್ಕವಿದೆ. ಆದುದರಿಂದ ಅದಕ್ಕೆ ಲೆಕ್ಕಬದ್ಧವಾದ ಉತ್ತರವೇ ಸಲ್ಲಬೇಕು. ಇಂತಹ ಪ್ರಶ್ನೆಯು ಗಡಿಭಾಗದ ಬೇರೆ ಮನೆಗಳಲ್ಲಿಯೂ ಏಳುವದಾದ್ದರಿಂದ ಆ ಉತ್ತರವನ್ನು ವಾಚಕರೆಲ್ಲರ ಮುಂದೆ ಇಡುತ್ತಿದ್ದೇವೆ.

ಸಮವಸ್ತ್ರವನ್ನು ಹೊಲಿಯುವವರ ಜಾಣ್ಮೆಯು ಸಾಮಾನ್ಯವಾದುದಲ್ಲ. ನೂರು ಅಂಗಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ಭೇದ ಬರಬಾರದು. ನಾಟಕದ ವೇಷದ ಧರ್ಮವು ಇದಕ್ಕೆ ವಿಪರೀತವಾದುದು. ಅಲ್ಲಿ ಹತ್ತು ಪಾತ್ರಗಳು ಹತ್ತು ತೆರನಾಗಿ ಕಾಣಬೇಕು. ಆದರೂ ಎಲ್ಲವೂ ಒಂದೇ ನಾಟಕಕ್ಕೆ ಸೇರಿದವೆಂದು ತೋರಬೇಕು. ಈ ಭೇದ ಮತ್ತು ಐಕ್ಯಗಳನ್ನು ಸಾಧಿಸುವದು ಮಷಿನ್ನಿನಿಂದ ಮಾತ್ರ ಆಗುವ ಕೆಲಸವಲ್ಲ. ಅದಕ್ಕೆ ಮೊದಲು ಬೇಕಾದುದು ಓದು. ವಸ್ತ್ರವಿನ್ಯಾಸಕನು ನಾಟಕವನ್ನು ಮೂರು ನಾಲ್ಕು ಸಲ ಓದಿ, ಪ್ರತಿಯೊಂದು ಪಾತ್ರದ ವಯಸ್ಸು, ಕಸುಬು, ಅಂತಸ್ತು, ಆ ಪ್ರವೇಶದ ಹೊತ್ತು, ಋತು ಇವುಗಳ ತಖ್ತೆಯನ್ನು ಬರೆದುಕೊಳ್ಳಬೇಕಾಗುತ್ತದೆ. ಎರಡು ಪ್ರವೇಶಗಳ ನಡುವೆ ಉಡುಪು ಬದಲಿಸಲು ಎರಡೇ ನಿಮಿಷಗಳಿದ್ದರೆ, ಮೇಲಿನದನ್ನು ಕಳಚಿದೊಡನೆ ಒಳಗಿನದು ಸಿದ್ಧವಾಗಿರುವಂತೆ ಹೊಲಿಗೆಯನ್ನು ಯೋಜಿಸಬೇಕಾಗುತ್ತದೆ.

ಎರಡನೆಯದು ಬೆಳಕಿನ ಜ್ಞಾನ. ಕೆಂಪು ಅರಿವೆಯ ಮೇಲೆ ಅಪ್ಪಟ ಹಸಿರು ಬೆಳಕು ಬಿದ್ದರೆ ಅದು ಕಪ್ಪಾಗಿ ಕಾಣುತ್ತದೆ. ಕೆಂಪು ಬಣ್ಣವು ಕೆಂಪು ಕಿರಣವನ್ನು ಮಾತ್ರ ಹಿಂದಿರುಗಿಸಿ ಉಳಿದುದನ್ನು ಹೀರಿಕೊಳ್ಳುವದೇ ಇದಕ್ಕೆ ಕಾರಣ. ಅಂಗಡಿಯಲ್ಲಿ ಮನಸೆಳೆದ ಬಣ್ಣವು ರಂಗದ ಮೇಲೆ ಸತ್ತುಹೋಗಬಹುದು. ಸ್ಯಾಟಿನ್ನು ದೀಪಕ್ಕೆ ಕನ್ನಡಿಯಂತೆ ಹೊಳೆದು ನೋಡುವವರ ಕಣ್ಣನ್ನು ಪಾತ್ರದ ಮುಖದಿಂದ ಎಳೆದೊಯ್ಯುತ್ತದೆ; ಒರಟು ನೂಲಿನ ಅರಿವೆಯು ಅದೇ ದೀಪದಲ್ಲಿ ಗಂಭೀರವಾಗಿ ಕಾಣುತ್ತದೆ.

ಮೂರನೆಯದು ದೂರದ ಲೆಕ್ಕ. ನಮ್ಮ ಅಜ್ಜಿಯರು ಚಂದ್ರಕಾಳಿ ಸೀರೆಯ ಮೇಲೆ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ಕಸೂತಿಯ ಹೊಲಿಗೆಗಳಿಂದ ತೇರು, ಗೋಪುರ, ತುಳಸಿಕಟ್ಟೆಗಳನ್ನು ಮೂಡಿಸುತ್ತಿದ್ದರು. ಕೈಯಲ್ಲಿ ಹಿಡಿದಾಗ ಕಣ್ಣು ತಣಿಸುವ ಆ ಕುಸುರಿಯು ಇಪ್ಪತ್ತನೆಯ ಸಾಲಿನಲ್ಲಿ ಕುಳಿತವನಿಗೆ ಬರಿಯ ಚುಕ್ಕೆಗಳಾಗಿ ಕಾಣುತ್ತದೆ. ಆದುದರಿಂದ ಅದೇ ತೇರನ್ನು ದಪ್ಪ ದಾರದಿಂದಲೋ ಬಣ್ಣದ ಕುಂಚದಿಂದಲೋ ನಾಲ್ಕು ಪಟ್ಟು ದೊಡ್ಡದಾಗಿ ಮೂಡಿಸಬೇಕು. ಸಮೀಪದ ಸತ್ಯವನ್ನು ದೂರದಿಂದಲೂ ಸತ್ಯವಾಗಿ ಕಾಣಿಸುವದೇ ಈ ಕಲೆ.

ಇನ್ನು ದೇಹದ ಚಲನೆ. ಖಡ್ಗವೆತ್ತುವವನ ಅಂಗಿಗೆ ಕಂಕುಳಲ್ಲಿ ಒಂದು ಚೌಕಿನ ತುಂಡನ್ನು ಕೂಡಿಸದಿದ್ದರೆ ಮೊದಲನೆಯ ಹೊಡೆತಕ್ಕೇ ಹೊಲಿಗೆ ಬಿಡುತ್ತದೆ. ನೂಲಿನ ಅರಿವೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಯಿಸಿ ಒಣಗಿಸದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಎರಡನೆಯ ಪ್ರಯೋಗಕ್ಕೆ ಅಂಗಿ ಏರುವದಿಲ್ಲ. ಗುಂಡಿಯ ಅಂಗಿಯು ಒಂದೇ ಮೈಗೆ ಸರಿಹೊಂದುತ್ತದೆ. ಕಸೆಯ ಅಂಗಿಯನ್ನು ಸಪೂರ ಹುಡುಗನೂ ತೊಡಬಹುದು, ಮರುವರ್ಷ ದಪ್ಪ ಹುಡುಗನೂ ತೊಡಬಹುದು. ನಮ್ಮ ಬಾರಾಬಂದಿಯಲ್ಲಿ ಇಂತಹ ವಿವೇಕವು ಅಡಗಿದೆಯೆಂಬದನ್ನು ನಾವು ಎಂದಾದರೂ ಲಕ್ಷ್ಯಕ್ಕೆ ತಂದುಕೊಂಡಿರುವೆವೆ?

ಕೊನೆಯದಾಗಿ ಇತಿಹಾಸದ ಜ್ಞಾನ. ಇದಕ್ಕೆ ನಮ್ಮ ನೆರೆಯ ಕೊಲ್ಲಾಪುರದಲ್ಲಿ 1929ರಲ್ಲಿ ಜನಿಸಿದ ಭಾನು ಅಥೈಯಾ ಅವರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ‘ಗಾಂಧಿ’ ಚಲಚ್ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಜಾನ್ ಮೊಲೊ ಅವರೊಡನೆ ಆಸ್ಕರ್ ಪ್ರಶಸ್ತಿಯನ್ನು ಪಡೆದ ಇವರು ಆ ಗೌರವಕ್ಕೆ ಪಾತ್ರರಾದ ಮೊದಲ ಭಾರತೀಯರು. 2020ರಲ್ಲಿ ಅವರು ನಿಧನರಾದರು. ಗಾಂಧೀಜಿಯವರ ಬಾಳು ಉಡುಪಿನಲ್ಲಿಯೇ ಬರೆದ ಬಾಳು. ದಕ್ಷಿಣ ಆಫ್ರಿಕದ ಬ್ಯಾರಿಸ್ಟರರ ಸೂಟಿನಿಂದ ಹೊರಟು, 1921ರ ಸೆಪ್ಟೆಂಬರದಲ್ಲಿ ಮಧುರೆಯಲ್ಲಿ ಅವರು ಸ್ವೀಕರಿಸಿದ ತುಂಡು ಪಂಚೆಯವರೆಗೆ ಒಂದೊಂದು ಘಟ್ಟಕ್ಕೂ ಒಂದೊಂದು ಉಡುಪು. ಇತಿಹಾಸವನ್ನು ತಿಳಿಯದ ಸೂಜಿಯು ಇದನ್ನು ಹೇಳಲಾರದು.

ಇವೆಲ್ಲ ದೂರದ ಮಾತುಗಳೆಂದು ಯಾರೂ ಭಾವಿಸಬಾರದು. ವೇಷದ ವಿದ್ಯೆಯು ನಮ್ಮ ಗಡಿಯಲ್ಲಿ ಹಾದುಬಂದ ವಿದ್ಯೆಯೇ ಆಗಿದೆ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವು ಸಾಂಗಲಿಗೆ ಬಂದು ಆಡಿದ ಆಟವನ್ನು ಕಂಡು, ಅಲ್ಲಿಯ ಅರಸರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದಲೇ ಎಣಿಸುವದು ರೂಢಿ. ಮುಂದೆ ಬಾಲಗಂಧರ್ವರು ಸ್ತ್ರೀಪಾತ್ರಗಳಲ್ಲಿ ಉಟ್ಟ ಸೀರೆಗಳ ರೀತಿಯನ್ನು ಮನೆತನಸ್ಥ ಹೆಣ್ಣುಮಕ್ಕಳೇ ಅನುಕರಿಸಿದರು. ರಂಗದ ವೇಷವು ಮನೆಯ ಉಡುಪನ್ನು ತಿದ್ದಿದ ಸಂದರ್ಭವದು. ಕನ್ನಡ ಮರಾಠಿಗಳ ನಡುವೆ ಮಾತಿನ ಬೇಲಿಯಿರಬಹುದು, ಅರಿವೆಗೆ ಬೇಲಿಯಿಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಎರಡೂ ಇಲ್ಲಿಯ ಎರಡೂ ಭಾಷೆಯ ತಾಯಂದಿರ ಮೈಮೇಲಿವೆ.

ಇಂತಹ ವಿದ್ಯೆಯನ್ನು ಕಲಿಸುವ ಕ್ರಮವೂ ನಮ್ಮ ದೇಶದಲ್ಲಿ ನೆಲೆಗೊಂಡಿದೆ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯು 1959ರಲ್ಲಿ ಸ್ಥಾಪಿತವಾಯಿತು. ಅಲ್ಲಿ ವಸ್ತ್ರವಿನ್ಯಾಸವನ್ನು ಕಲಿಸಿದ ರೋಶನ್ ಅಲ್ಕಾಜಿಯವರು ಪ್ರಾಚೀನ ಭಾರತದ ಉಡುಪುಗಳನ್ನು ಕುರಿತು ಗ್ರಂಥವನ್ನೇ ರಚಿಸಿದರು. ಆ ಶಾಲೆಯಲ್ಲಿ ಕಲಿತ ನಮ್ಮ ಪ್ರೇಮಾ ಕಾರಂತರು ವಸ್ತ್ರವಿನ್ಯಾಸದಲ್ಲಿ ಹೆಸರು ಗಳಿಸಿ, ಮಕ್ಕಳ ರಂಗಭೂಮಿಗೂ ದುಡಿದು, ‘ಫಣಿಯಮ್ಮ’ ಚಿತ್ರವನ್ನು ನಿರ್ದೇಶಿಸುವವರೆಗೆ ಬೆಳೆದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರವು ಆರಂಭವಾಯಿತು. ಯಕ್ಷಗಾನದ ಸಾಂಪ್ರದಾಯಿಕ ವೇಷವು ಮಖಮಲ್ಲು ಮತ್ತು ಅಗ್ಗದ ಮಿಂಚಿಗೆ ಬಲಿಯಾಗಬಾರದೆಂದು ಶಿವರಾಮ ಕಾರಂತರು ಪಟ್ಟ ಶ್ರಮವು ಸರ್ವವಿದಿತವಾಗಿದೆ. ಹೆಗ್ಗೋಡಿನ ನೀನಾಸಮ್ ಸಂಸ್ಥೆಯು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು, ಸಾಣೇಹಳ್ಳಿಯಲ್ಲಿಯೂ ರಂಗಶಾಲೆಯಿದೆ. ಇವೆರಡರಲ್ಲಿಯೂ ಪಾಠವು ಕನ್ನಡದಲ್ಲಿಯೇ ನಡೆಯುತ್ತದೆ. ಇತ್ತ ಪುಣೆಯ ವಿದ್ಯಾಪೀಠದಲ್ಲಿ ಲಲಿತ ಕಲಾ ಕೇಂದ್ರವಿದೆ. ಕನ್ನಡ ಶಾಲೆಯಲ್ಲಿ ಓದಿ ಮರಾಠಿ ಪೇಟೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಎರಡೂ ಕಡೆಯ ಬಾಗಿಲುಗಳು ಅರ್ಥವಾಗುತ್ತವೆ. ಗಡಿಯಲ್ಲಿರುವದನ್ನು ಕೊರತೆಯೆಂದೇ ಎಣಿಸುತ್ತ ಬಂದ ನಮಗೆ ಇದು ಒಂದು ಗಳಿಕೆಯಾಗಿ ಕಾಣಬೇಕು.

ಸಿಂಪಿಗ ಬಂಧುವಿನ ಲೆಕ್ಕಕ್ಕೆ ಮರಳೋಣ. ಈ ವಿದ್ಯೆಯನ್ನು ಕಲಿತವರೆಲ್ಲರಿಗೂ ತಿಂಗಳ ಪಗಾರ ಕಾದಿರುತ್ತದೆಂದು ನಾವು ಹೇಳಲಾರೆವು. ಹಾಗೆ ಹೇಳುವದು ತಂದೆಯೊಬ್ಬನಿಗೆ ಮಾಡುವ ಮೋಸವಾದೀತು. ಆದರೆ ನಾಟಕ, ನೃತ್ಯ, ಚಲಚ್ಚಿತ್ರ, ದೂರದರ್ಶನದ ಧಾರಾವಾಹಿ, ಶಾಲೆಗಳ ಸಮ್ಮೇಳನ ಇವೆಲ್ಲಕ್ಕೂ ವೇಷ ಬೇಕು. ಮಷಿನ್ನಿನ ಕೆಲಸವನ್ನು ಬಲ್ಲ ವಿನ್ಯಾಸಕನಿಗೆ, ಚಿತ್ರವನ್ನಷ್ಟೇ ಬರೆಯಬಲ್ಲವನಿಗಿಂತ ಹೆಚ್ಚಿನ ಆಧಾರವಿರುತ್ತದೆ. ತಂದೆಯಿಂದ ಕಲಿತ ಹೊಲಿಗೆಯು ಆ ಹುಡುಗಿಯ ಮೂಲಧನ. ಕಾಲೇಜು ಆ ಮೂಲಧನಕ್ಕೆ ಕಣ್ಣು ಕೊಡುತ್ತದೆ. ಒಂದು ವರ್ಷ ಒಂದು ಮಷಿನ್ನು ನಿಂತೀತು, ನಿಜ. ನೂರು ಅಂಗಿಗೆ ಇಷ್ಟು ಎಂಬ ಬೆಲೆಯನ್ನು ಬೇರೆಯವರು ಕಟ್ಟುತ್ತಾರೆ. ಒಂದೇ ವೇಷಕ್ಕೆ ತನ್ನ ಬೆಲೆಯನ್ನು ತಾನೇ ಹೇಳುವ ಶಕ್ತಿಯು ವಿದ್ಯೆಯಿಂದ ಬರುತ್ತದೆ. ಈ ಮಾತನ್ನು ಅವರ ಮನೆಯಲ್ಲಿ ಕುಳಿತು ಹೇಳಿ ಬಂದಿದ್ದೇವೆ. ನಿರ್ಣಯವು ಅವರದು.

ಆದರೆ ನಮ್ಮೂರುಗಳಲ್ಲಿ ಆಗಬೇಕಾದ ಕೆಲಸವೂ ಇದೆ. ಸೊಲ್ಲಾಪುರವು ಅರಿವೆಯ ಊರು. 1877ರಲ್ಲಿ ಇಲ್ಲಿ ಮೊದಲನೆಯ ದೊಡ್ಡ ಗಿರಣಿಯು ಹುಟ್ಟಿತು. ಹಳೆಯ ದೊಡ್ಡ ಗಿರಣಿಗಳು ಮುಚ್ಚಿದರೂ ಮಗ್ಗ ನಿಂತಿಲ್ಲ, ಸೂಜಿ ನಿಂತಿಲ್ಲ. ತೆಲಂಗಾಣದಿಂದ ಬಂದು ನೆಲೆಸಿದ ಪದ್ಮಶಾಲಿ ಬಂಧುಗಳ ಚಾದರಗಳೂ ಮನೆಮನೆಯಲ್ಲಿ ಹೊಲಿಯುವ ಸಮವಸ್ತ್ರಗಳೂ ದೂರದೂರಕ್ಕೆ ಹೋಗುತ್ತವೆ. ಇಷ್ಟು ನೂಲು, ಇಷ್ಟು ಕೈಗಳಿರುವ ಊರಿನ ಕಾಲೇಜುಗಳು ಸ್ಪರ್ಧೆಗಳಲ್ಲಿ ಏಕಾಂಕಗಳನ್ನಾಡುವಾಗ ವೇಷವನ್ನು ಬಾಡಿಗೆಯ ಗಂಟಿನಿಂದ ತರುವದು ಸೊಗಸಲ್ಲ. 2004ರಲ್ಲಿ ಸೊಲ್ಲಾಪುರಕ್ಕೆ ತನ್ನದೇ ವಿದ್ಯಾಪೀಠವೂ ಬಂದಿದೆ. ಕಾಲೇಜುಗಳು ರಜೆಯಲ್ಲಿ ಹದಿನೈದು ದಿನಗಳ ವೇಷಭೂಷಣ ಶಿಬಿರವೊಂದನ್ನು ನಡೆಯಿಸಬಹುದು. ಕಲಿಸಲು ರಂಗಶಾಲೆಯಿಂದ ಒಬ್ಬರು ಬರಲಿ; ಅವರ ಪಕ್ಕದಲ್ಲಿ ಬಾರಾಬಂದಿಯನ್ನು ಹೊಲಿದು ಕೈ ಪಳಗಿದ ನಮ್ಮ ಸಿಂಪಿಗರೊಬ್ಬರು ಕುಳಿತುಕೊಳ್ಳಲಿ. ಇಬ್ಬರೂ ಗುರುಗಳೇ.

ಹಳ್ಳಿಯ ಶಾಲೆಗಳಿಗೆ ಇಷ್ಟೂ ಬೇಕಿಲ್ಲ. ಒಂದು ಟ್ರಂಕು ಸಾಕು. ಅಜ್ಜನ ರುಮಾಲು, ಕಚ್ಚೆಯ ಧೋತರ, ಕಂಬಳಿ, ಅಜ್ಜಿಯ ಇಳಕಲ್ ಸೀರೆ, ಖಣದ ಕುಪ್ಪಸ ಇವುಗಳನ್ನು ಹರಿದವೆಂದು ಪಾತ್ರೆಯವರಿಗೆ ಕೊಟ್ಟುಬಿಡಬೇಡಿರಿ, ಶಾಲೆಗೆ ಕೊಡಿರಿ. ಬೇವಿನ ಸೊಪ್ಪನ್ನು ಒಣಗಿಸಿ ಟ್ರಂಕಿನಲ್ಲಿಟ್ಟರೆ ನುಸಿಯ ಕಾಟ ಕಡಿಮೆಯಾಗುತ್ತದೆ. ಒಂದೊಂದು ಅರಿವೆಗೂ ಚೀಟಿಯನ್ನು ಹಚ್ಚಿ, ಅದರ ಕನ್ನಡ ಹೆಸರು, ಯಾರು ಉಡುತ್ತಿದ್ದರು, ಯಾವ ಕಾರ್ಯಕ್ಕೆ ಉಡುತ್ತಿದ್ದರು ಎಂಬದನ್ನು ಮಕ್ಕಳಿಂದಲೇ ಬರೆಯಿಸಬೇಕು. ಸೆರಗಿನ ತೋಪುತೆನೆಗೆ, ಸೀರೆಯ ಮೈಗೂ ಸೆರಗಿಗೂ ಹಾಕುವ ಕೊಂಡಿಗೆ, ಕಸೂತಿಯ ಒಂದೊಂದು ಹೊಲಿಗೆಗೆ ನಮ್ಮ ಭಾಷೆಯಲ್ಲಿ ಹೆಸರುಗಳಿವೆ. ಅರಿವೆಯು ಮನೆಯಿಂದ ಹೋದ ದಿನ ಆ ಶಬ್ದವೂ ಹೊರಟು ಹೋಗುತ್ತದೆ. ಬರುವ ಸಮ್ಮೇಳನಕ್ಕೆ ಮೊದಲು ನಿಮ್ಮೂರ ಶಾಲೆಯಲ್ಲಿ ಇಂತಹ ಒಂದು ಟ್ರಂಕು ತೆರೆಯಲಿ.