ನವೆಂಬರ್ ತಿಂಗಳು ಮಕ್ಕಳ ಓದಿಗೆ ಕಿವಿಗೊಡೋಣ

ಬವೇರಿಯಾದ ಶಾಲೆಗಳು ಸೆಪ್ಟೆಂಬರ್ ಮಧ್ಯದಲ್ಲಿ ಬಾಗಿಲು ತೆರೆಯುತ್ತವೆ. ಒಂದನೇ ತರಗತಿಗೆ ಸೇರುವ ಮಕ್ಕಳು ತಮ್ಮ ಅರ್ಧದಷ್ಟು ಎತ್ತರದ ಬಣ್ಣದ ಕಾಗದದ ಪೊಟ್ಟಣವನ್ನು ತಬ್ಬಿಕೊಂಡು ಬರುತ್ತಾರೆ. ಮಿಠಾಯಿ, ಬಣ್ಣದ ಪೆನ್ಸಿಲ್, ಆಟಿಕೆ ತುಂಬಿದ ಈ ಪೊಟ್ಟಣಕ್ಕೆ ‘ಶೂಲ್‌ಟ್ಯೂಟೆ’ ಎಂದು ಹೆಸರು. ಅಂದಿನಿಂದ ಕ್ರಿಸ್‌ಮಸ್ ರಜೆಯವರೆಗೆ ಹೆಚ್ಚುಕಡಿಮೆ ಹದಿನಾಲ್ಕು ವಾರ. ರೇಗನ್ಸ್‌ಬರ್ಗ್‌ನ ಪ್ರಾಥಮಿಕ ಶಾಲೆಗಳಲ್ಲಿ ಇಡೀ ವರ್ಷದಲ್ಲೇ ಅತ್ಯಂತ ಗಡಿಬಿಡಿಯ, ಅತ್ಯಂತ ಚೆಂದದ ಕಾಲ ಇದು.

ಅಕ್ಟೋಬರ್ ಬಂತೆಂದರೆ ಮಕ್ಕಳ ಜೇಬಿನ ತುಂಬ ಚೆಸ್ಟ್‌ನಟ್ ಬೀಜಗಳು. ಅವಕ್ಕೆ ತೂತು ಕೊರೆದು, ಬೆಂಕಿಕಡ್ಡಿ ಚುಚ್ಚಿ ಕುದುರೆ, ಮುಳ್ಳುಹಂದಿ ಮಾಡುತ್ತಾರೆ. ಉದುರಿದ ಎಲೆಗಳನ್ನು ಪುಸ್ತಕದ ನಡುವೆ ಒಣಗಿಸಿ ಹಾಳೆಗೆ ಅಂಟಿಸುತ್ತಾರೆ. ಅಳಿಲು ಚಳಿಗಾಲಕ್ಕೆ ಏನೇನು ಕೂಡಿಡುತ್ತದೆ ಎಂದು ಓದಿ, ಬರೆದು, ಚಿತ್ರ ಬಿಡಿಸುತ್ತಾರೆ. ನವೆಂಬರ್ 11ರ ಸಂತ ಮಾರ್ಟಿನ್ ದಿನಕ್ಕೆ ಕೈಯಾರೆ ಮಾಡಿದ ಕಾಗದದ ಲಾಂದ್ರ ಹಿಡಿದು ಕತ್ತಲಲ್ಲಿ ಹಾಡುತ್ತ ಮೆರವಣಿಗೆ ಹೋಗುತ್ತಾರೆ. ನಮ್ಮ ದೀಪಾವಳಿಯ ಆಕಾಶಬುಟ್ಟಿ ನೋಡಿದವರಿಗೆ ಆ ಬೆಳಕು ಹೊಸದೇನಲ್ಲ.

ಇವುಗಳ ನಡುವೆ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಅದು ಓದಿನ ಕೆಲಸ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಸಂಜೆ ಐದಕ್ಕೆಲ್ಲ ಕತ್ತಲು, ಡಾನ್ಯೂಬ್ ನದಿಯ ಮೇಲಿಂದ ಏಳುವ ಮಂಜು. ಹೊರಗೆ ಆಡಲಾಗದ ಮಕ್ಕಳನ್ನು ಪುಸ್ತಕದ ಕಡೆ ಎಳೆಯಲು ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಕೆಲವು ಶಾಲೆಗಳಲ್ಲಿ ‘ಓದಿನ ರಾತ್ರಿ’ ಇರುತ್ತದೆ. ಮಕ್ಕಳು ಹಾಸಿಗೆ ಚೀಲ, ಟಾರ್ಚ್ ಹಿಡಿದು ಬಂದು ತರಗತಿಯಲ್ಲೇ ಓದುತ್ತ ಮಲಗುತ್ತಾರೆ. ಕೆಲವೆಡೆ ಚಪ್ಪಲಿ ಪೆಟ್ಟಿಗೆಯಲ್ಲಿ ಕಥೆಗೆ ಸಂಬಂಧಿಸಿದ ವಸ್ತುಗಳನ್ನು ತುಂಬಿ ತಂದು, ಒಂದೊಂದನ್ನೇ ತೋರಿಸುತ್ತ ತಾವು ಓದಿದ ಪುಸ್ತಕದ ಪರಿಚಯ ಮಾಡಿಕೊಡುತ್ತಾರೆ. ‘ಆಂಟೋಲಿನ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಓದಿದ ಪುಸ್ತಕದ ಬಗ್ಗೆ ಪ್ರಶ್ನೆಗಳಿಗೆ ಉತ್ತರಿಸಿ ಅಂಕ ಗಳಿಸುತ್ತಾರೆ. ನವೆಂಬರ್‌ನ ಮೂರನೇ ಶುಕ್ರವಾರ ದೇಶವ್ಯಾಪಿ ‘ಗಟ್ಟಿ ಓದಿನ ದಿನ’. ‘ಡಿ ಝೈಟ್’ ವಾರಪತ್ರಿಕೆ, ಮೈನ್ಝ್ ನಗರದ ಓದು ಪ್ರತಿಷ್ಠಾನ ಮತ್ತು ಜರ್ಮನ್ ರೈಲ್ವೆಯ ಪ್ರತಿಷ್ಠಾನ ಸೇರಿ ನಡೆಸುವ ಈ ಆಚರಣೆ 2004ರಲ್ಲಿ ಶುರುವಾಯಿತು. ಅಂದು ಮೇಯರ್, ಪೊಲೀಸ್, ಅಜ್ಜ, ಅಜ್ಜಿ, ಯಾರು ಬೇಕಾದರೂ ಶಾಲೆಗೆ ಬಂದು ಮಕ್ಕಳಿಗೆ ಪುಸ್ತಕ ಓದಿ ಹೇಳಬಹುದು.

ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಜರ್ಮನಿಗೆ ಈಗ ಓದಿನ ಚಿಂತೆ ಹತ್ತಿದೆ. ನಾಲ್ಕನೇ ತರಗತಿಯ ಮಕ್ಕಳ ಓದಿನ ಸಾಮರ್ಥ್ಯ ಅಳೆಯುವ ಅಂತರರಾಷ್ಟ್ರೀಯ ಅಧ್ಯಯನದ 2021ರ ಸುತ್ತಿನ ಫಲಿತಾಂಶ 2023ರ ಮೇನಲ್ಲಿ ಹೊರಬಂತು. ಅರ್ಥ ಮಾಡಿಕೊಂಡು ಓದಲು ಬೇಕಾದ ಕನಿಷ್ಠ ಮಟ್ಟವನ್ನು ಜರ್ಮನಿಯ ಶೇ. 25.4ರಷ್ಟು ಮಕ್ಕಳು ಮುಟ್ಟಿರಲಿಲ್ಲ. 2016ರಲ್ಲಿ ಈ ಪ್ರಮಾಣ ಶೇ. 18.9 ಇತ್ತು. ಅಂದರೆ ನಾಲ್ಕರಲ್ಲಿ ಒಂದು ಮಗು ಅಕ್ಷರ ಗುರುತಿಸಿದರೂ ಓದಿದ್ದರ ತಿರುಳು ಹಿಡಿಯಲಾರದು. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು ಸರಾಸರಿಯಲ್ಲಿ ಇನ್ನಷ್ಟು ಹಿಂದಿದ್ದಾರೆ. ಈ ಕೊನೆಯ ಸಾಲು ನಮ್ಮ ಮನೆಗಳಿಗೂ ಸಂಬಂಧಿಸಿದ್ದು.

ಇದಕ್ಕೆ ಉತ್ತರ ಹುಡುಕುವ ಕೆಲಸದಲ್ಲಿ ನಮ್ಮ ಊರಿಗೇ ಒಂದು ಪಾಲಿದೆ ಎಂಬುದು ಇಲ್ಲಿನ ಕನ್ನಡಿಗರಲ್ಲಿ ಹಲವರಿಗೆ ತಿಳಿದಿರಲಾರದು. ಬವೇರಿಯಾದ ಶಾಲೆಗಳಲ್ಲಿ ಬಳಕೆಗೆ ಬಂದಿರುವ ‘ಫಿಲ್ಬಿ’ ಎಂಬ ಓದಿನ ತರಬೇತಿಯನ್ನು ರೂಪಿಸಿದ್ದು ರೇಗನ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರೊಫೆಸರ್ ಅನಿತಾ ಶಿಲ್ಷರ್ ಅವರ ತಂಡ. ಎರಡನೇ ತರಗತಿಯಲ್ಲಿ ತಡವರಿಸದೆ ಓದುವುದು, ಮೂರನೇ ತರಗತಿಯಲ್ಲಿ ಓದಿದ್ದನ್ನು ಅರ್ಥಮಾಡಿಕೊಳ್ಳುವ ಉಪಾಯಗಳು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅದು ಸಾಗುತ್ತದೆ. ಸರಾಗವಾಗಿ ಓದುವ ಮಗುವನ್ನೂ ಎಡವುತ್ತ ಓದುವ ಮಗುವನ್ನೂ ಜೋಡಿ ಮಾಡಿ ಒಂದೇ ಪಠ್ಯವನ್ನು ಒಟ್ಟಿಗೆ ಗಟ್ಟಿಯಾಗಿ ಓದಿಸುವುದು ಇದರಲ್ಲಿ ಮುಖ್ಯವಾದ ವಿಧಾನ. ಒಂದು ತಪ್ಪಿದರೆ ಇನ್ನೊಂದು ತಿದ್ದುತ್ತದೆ. ಅದೇ ಸಾಲುಗಳನ್ನು ಮತ್ತೆ ಮತ್ತೆ ಓದುತ್ತಾರೆ. 2024-25ರಿಂದ ರಾಜ್ಯ ಸರ್ಕಾರ ಪ್ರಾಥಮಿಕ ಶಾಲೆಗಳಲ್ಲಿ ಜರ್ಮನ್ ಮತ್ತು ಗಣಿತಕ್ಕೆ ಹೆಚ್ಚಿನ ಅವಧಿಗಳನ್ನೂ ಕೊಟ್ಟಿದೆ.

ಗಟ್ಟಿಯಾಗಿ ಓದುವುದು, ಪಕ್ಕದಲ್ಲಿ ಕೂತು ಕೇಳುವವರೊಬ್ಬರು ಇರುವುದು, ಮತ್ತೆ ಮತ್ತೆ ಓದುವುದು. ಇಷ್ಟೇ ತಾನೆ? ನಮಗಿದು ಅಪರಿಚಿತವೇ? ಶ್ರಾವಣ ಬಂದರೆ ಮಲೆನಾಡಿನ ಮನೆಗಳಲ್ಲಿ ಜೈಮಿನಿ ಭಾರತ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಅಕ್ಷರ ಬಾರದವರೂ ಕೂತು ಕೇಳಿ ಲಕ್ಷ್ಮೀಶನ ಪದ್ಯಗಳನ್ನು ಬಾಯಿಪಾಠ ಮಾಡಿಕೊಳ್ಳುವುದು. ಶಿವಮೊಗ್ಗದ ಹೊಸಹಳ್ಳಿ ಇಂದಿಗೂ ಗಮಕದ ಊರೆಂದೇ ಹೆಸರುವಾಸಿ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ನವರಾತ್ರಿಯಲ್ಲಿ ಸರಸ್ವತಿಯ ಮುಂದೆ ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯಂದು ತೆಗೆದು ಒಂದು ಪುಟವಾದರೂ ಓದಬೇಕೆಂದು ಹಿರಿಯರು ಹೇಳುತ್ತಿದ್ದರು. ಆ ಹಬ್ಬವೂ ಇದೇ ಋತುವಿನಲ್ಲಿ ಬರುತ್ತದೆ.

ಆದರೆ ಇಲ್ಲಿನ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇ ಬೇರೆ. ಬಿಎಂಡಬ್ಲ್ಯು, ಕಾಂಟಿನೆಂಟಲ್, ಇನ್ಫಿನಿಯನ್ ಎಂದು ಕೆಲಸಕ್ಕೆ ಬಂದವರಲ್ಲಿ ಹಲವರ ಕಚೇರಿ ವ್ಯವಹಾರ ಇಂಗ್ಲಿಷಿನಲ್ಲೇ ಮುಗಿಯುತ್ತದೆ. ಜರ್ಮನ್ ಅರ್ಧಂಬರ್ಧ. ಹೀಗಾಗಿ ‘ಓದಿಸುವುದು ಟೀಚರ್ ಕೆಲಸ, ನಮ್ಮ ಉಚ್ಚಾರ ಕೇಳಿ ಮಗು ಕೆಟ್ಟೀತು’ ಎಂದು ಜರ್ಮನ್ ಪುಸ್ತಕದಿಂದ ದೂರ ಉಳಿಯುತ್ತೇವೆ. ಕನ್ನಡ ಪುಸ್ತಕ ತೆಗೆಯೋಣ ಎಂದರೆ ‘ಮೊದಲು ಜರ್ಮನ್ ಗಟ್ಟಿಯಾಗಲಿ, ಎರಡೂ ಕಲಸಿಹೋದೀತು’ ಎಂದು ಅದನ್ನೂ ಮುಂದೂಡುತ್ತೇವೆ. ಕೊನೆಗೆ ಮಗುವಿನ ಜೊತೆ ಕೂತು ಯಾವ ಭಾಷೆಯಲ್ಲೂ ಯಾರೂ ಓದುವುದಿಲ್ಲ. ಆ ಜಾಗವನ್ನು ಟ್ಯಾಬ್ಲೆಟ್ ತುಂಬುತ್ತದೆ.

ಇದಕ್ಕೆ ಬೆಲೆ ತೆರಬೇಕಾಗುವುದು ನಾಲ್ಕನೇ ತರಗತಿಯಲ್ಲಿ. ಬವೇರಿಯಾದಲ್ಲಿ ಹತ್ತು ವರ್ಷದ ಮಗುವಿನ ಮುಂದಿನ ದಾರಿ ಬಹುಮಟ್ಟಿಗೆ ಮೇ ಮೊದಲ ವಾರ ಕೈಗೆ ಬರುವ ಒಂದು ಅಂಕಪಟ್ಟಿಯ ಮೇಲೆ ನಿಂತಿದೆ. ಜರ್ಮನ್, ಗಣಿತ, ಪರಿಸರ ಅಧ್ಯಯನ, ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ಗಿಮ್ನಾಸಿಯಂ, 2.66ರವರೆಗಿದ್ದರೆ ರಿಯಾಲ್‌ಶೂಲೆ. ಇಲ್ಲಿ 1 ಎಂದರೆ ಅತ್ಯುತ್ತಮ, 6 ಎಂದರೆ ಕಡೆಯದು ಎಂಬುದನ್ನು ಊರಿನ ಓದುಗರು ಗಮನಿಸಬೇಕು. ಗಣಿತವೊಂದಿದ್ದರೆ ಸಾಕು, ನಮ್ಮ ಮಕ್ಕಳು ಅದರಲ್ಲಿ ಹಿಂದೆ ಬೀಳುವುದಿಲ್ಲ ಎಂದು ನಂಬಿದವರು ಒಮ್ಮೆ ಮೂರನೇ ತರಗತಿಯ ಲೆಕ್ಕದ ಪುಸ್ತಕ ತೆರೆದು ನೋಡಲಿ. ಲೆಕ್ಕ ಕೂಡಿಸಿ ಕಳೆಯುವಷ್ಟೇ ಇರುತ್ತದೆ. ಅದನ್ನು ಸುತ್ತಿಕೊಂಡ ನಾಲ್ಕು ಸಾಲಿನ ಕಥೆ ಅರ್ಥವಾಗದೆ ಮಗು ಕೈಚೆಲ್ಲುತ್ತದೆ. ಆಗ ಟ್ಯೂಷನ್ ಹುಡುಕುತ್ತ ಓಡಾಡಿದರೆ ಎರಡನೇ ತರಗತಿಯ ಚಳಿಗಾಲ ಮರಳಿ ಬರುವುದಿಲ್ಲ.

ಲೆಕ್ಕಪತ್ರ ನೋಡುವುದು ನನ್ನ ವೃತ್ತಿ, ಹಾಗಾಗಿ ಒಂದು ಚಿಕ್ಕ ಲೆಕ್ಕ ಮುಂದಿಡುತ್ತೇನೆ. ದಿನಕ್ಕೆ ಹದಿನೈದು ನಿಮಿಷ, ವಾರಕ್ಕೆ ಐದು ದಿನ, ಹದಿನಾಲ್ಕು ವಾರ. ಒಟ್ಟು 1,050 ನಿಮಿಷ, ಅಂದರೆ ಹದಿನೇಳೂವರೆ ಗಂಟೆ. ರಾಜ್ಯೋತ್ಸವದ ಒಂದು ನೃತ್ಯಕ್ಕೆ ವಾರಾಂತ್ಯಗಳಲ್ಲಿ ಮಕ್ಕಳನ್ನು ತಾಲೀಮಿಗೆ ಕರೆದೊಯ್ದವರು ತಮ್ಮ ಗಂಟೆಗಳನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಿಕೊಳ್ಳಬಹುದು. ಇನ್ನು ಆಂಟೋಲಿನ್ ಅಂಕಗಳ ವಿಚಾರ. ಅಂಕ ಮಗುವಿಗೆ ಹುರುಪು ಕೊಡುತ್ತದೆ, ನಿಜ. ಆದರೆ ಅಂಕಕ್ಕಾಗಿಯೇ ತೆಳ್ಳಗಿನ ಪುಸ್ತಕ ಹುಡುಕುವ ಜಾಣರೂ ಇರುತ್ತಾರೆ. ರಸೀದಿ ಕೂಡಿಟ್ಟ ಮಾತ್ರಕ್ಕೆ ಸರಕು ಮನೆಗೆ ಬಂತೆಂದು ಯಾವ ಲೆಕ್ಕಿಗನೂ ಒಪ್ಪುವುದಿಲ್ಲ. ಮಗು ಏನು ಓದಿತು ಎಂದು ಮನೆಯಲ್ಲಿ ಒಬ್ಬರು ಕೇಳಬೇಕು.

ಹಾಗಾದರೆ ಆ ಹದಿನೈದು ನಿಮಿಷ ಯಾವ ಭಾಷೆಯಲ್ಲಿ? ಎರಡರಲ್ಲೂ. ಜರ್ಮನ್ ಪುಸ್ತಕವನ್ನು ಮಗು ಓದಲಿ, ನಾವು ಕೇಳೋಣ. ಕೇಳುವುದಕ್ಕೆ ನಮ್ಮ ಉಚ್ಚಾರ ಅಡ್ಡಬರುವುದಿಲ್ಲ. ಅರ್ಥವಾಗದ್ದನ್ನು ‘ಇದೇನು, ಸ್ವಲ್ಪ ಕನ್ನಡದಲ್ಲಿ ಹೇಳು’ ಎಂದು ಕೇಳಿದರೆ ಮಗು ಮೇಷ್ಟ್ರಾಗುತ್ತದೆ. ಓದಿದ್ದು ತಲೆಗೆ ಹೋಗಿದೆಯೋ ಇಲ್ಲವೋ ಎಂಬುದೂ ಅಲ್ಲೇ ತಿಳಿಯುತ್ತದೆ. ಕನ್ನಡ ಪುಸ್ತಕವನ್ನು ನಾವು ಓದೋಣ, ಮಗು ಕೇಳಲಿ. ಕಥೆಯ ಹಿಂದುಮುಂದು ಹಿಡಿಯುವುದು, ಮುಂದೇನಾದೀತು ಎಂದು ಊಹಿಸುವುದು, ಒಂದು ಮಾತಿನ ಹಿಂದಿರುವ ಇನ್ನೊಂದು ಮಾತನ್ನು ಕಾಣುವುದು ಯಾವುದೋ ಒಂದು ಭಾಷೆಗೆ ಕಟ್ಟುಬಿದ್ದ ಕಲೆಗಳಲ್ಲ. ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೂ ಒದಗುತ್ತದೆ. ಮನೆಯಲ್ಲಿ ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಾತಾಡಿ, ಓದಿ ಹೇಳಿ ಎಂದು ಇಲ್ಲಿನ ಶಿಕ್ಷಕರೇ ಪೋಷಕರಿಗೆ ಹೇಳುವುದುಂಟು.

ಅಕ್ಷರ ಕಲಿಸುವ ಮಾತು ಆಮೇಲಿನದು. ಕಾಗುಣಿತ, ಒತ್ತಕ್ಷರ ಎಂದು ಮೊದಲ ದಿನವೇ ಸ್ಲೇಟು ಹಿಡಿಸಿದರೆ ಶಾಲೆಯಿಂದ ದಣಿದು ಬಂದ ಮಗು ಕನ್ನಡ ಎಂದರೆ ಇನ್ನೊಂದು ಹೋಂವರ್ಕ್ ಎಂದುಕೊಳ್ಳುತ್ತದೆ. ಕಥೆಯ ರುಚಿ ಹತ್ತಿದ ಮೇಲೆ ‘ಇಲ್ಲಿ ಏನು ಬರೆದಿದೆ?’ ಎಂದು ಅದೇ ಕೇಳುತ್ತದೆ. ಬರೆದಂತೆ ಓದುವ ಕನ್ನಡ ಲಿಪಿ, ಜರ್ಮನ್ ಓದಲು ಕಲಿತ ಮಗುವಿಗೆ ನಾವು ಹೆದರುವಷ್ಟು ಕಷ್ಟವಲ್ಲ.

ಜರ್ಮನಿಯ ಕನ್ನಡ ವೇದಿಕೆಗಳಲ್ಲಿ ಕಿಟೆಲ್ ಮತ್ತು ಮೋಗ್ಲಿಂಗ್ ಹೆಸರು ಬಾರದ ಭಾಷಣ ಅಪರೂಪ. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರಡಿಸಿದರು, 1894ರಲ್ಲಿ ಕಿಟೆಲ್ ನಿಘಂಟು ಬಂತು ಎಂದು ಚಪ್ಪಾಳೆ ತಟ್ಟುತ್ತೇವೆ. ಇಬ್ಬರೂ ಬೆಳೆದು ದೊಡ್ಡವರಾದ ಮೇಲೆ, ಕಾಣದ ಊರಿಗೆ ಹೋಗಿ, ಒಂದೊಂದೇ ಅಕ್ಷರ ಕಲಿತವರು. ನಮ್ಮ ಮಕ್ಕಳಿಗೆ ಆ ಪ್ರಯಾಣ ಬೇಕಿಲ್ಲ. ಕನ್ನಡ ಮನೆಯ ಅಡುಗೆಮನೆಯಲ್ಲೇ ಇದೆ. ಅದು ಪುಸ್ತಕದಲ್ಲೂ ಇದೆ ಎಂದು ತೋರಿಸುವವರು ಬೇಕು.

ಇದಕ್ಕೆ ನವೆಂಬರ್‌ಗಿಂತ ಒಳ್ಳೆಯ ತಿಂಗಳು ಬೇರೆ ಇಲ್ಲ. ನವೆಂಬರ್ 1 ನಮಗೆ ರಾಜ್ಯೋತ್ಸವ. ಬವೇರಿಯಾದಲ್ಲಿ ಅದೇ ದಿನ ಸರ್ವ ಸಂತರ ಹಬ್ಬದ ಸರ್ಕಾರಿ ರಜೆ, ಅದರ ಆಸುಪಾಸಿನಲ್ಲಿ ಮಕ್ಕಳಿಗೆ ಶರತ್ಕಾಲದ ರಜೆ. ನವೆಂಬರ್ 14 ನಮ್ಮ ಮಕ್ಕಳ ದಿನಾಚರಣೆ. ಮೂರನೇ ಶುಕ್ರವಾರ ಇಲ್ಲಿನ ಗಟ್ಟಿ ಓದಿನ ದಿನ. ಅಂದು ಶಾಲೆಯಿಂದ ‘ಯಾರಾದರೂ ಓದಲು ಬರುತ್ತೀರಾ?’ ಎಂದು ಚೀಟಿ ಬಂದರೆ ಅದನ್ನು ಚೀಲದಲ್ಲೇ ಮುದುಡಲು ಬಿಡುವುದು ಬೇಡ. ಒಂದು ಚಿತ್ರಪುಸ್ತಕದ ಅರ್ಧ ಪುಟವನ್ನು ಕನ್ನಡದಲ್ಲಿ ಓದಿ, ಮಗು ಅದನ್ನೇ ಜರ್ಮನ್‌ನಲ್ಲಿ ಹೇಳಿದರೆ ಇಡೀ ತರಗತಿ ಕಿವಿ ನಿಮಿರಿಸುತ್ತದೆ. ತನ್ನ ಮನೆಯ ಭಾಷೆಗೆ ಶಾಲೆಯಲ್ಲಿ ಮರ್ಯಾದೆ ಸಿಕ್ಕಿದ್ದನ್ನು ಮಗು ಬೇಗ ಮರೆಯುವುದಿಲ್ಲ.

ಕನ್ನಡ ಕೂಟಗಳಿಗೂ ಒಂದು ಮಾತು. ರೇಗನ್ಸ್‌ಬರ್ಗ್‌ನಿಂದ ಮ್ಯೂನಿಕ್‌ಗೋ ನ್ಯೂರೆಂಬರ್ಗ್‌ಗೋ ರೈಲು ಹತ್ತಿ ರಾಜ್ಯೋತ್ಸವಕ್ಕೆ ಹೋಗುವ ಕುಟುಂಬಗಳಿಗೆ ಹಾಡು, ಕುಣಿತ, ಬಾಳೆ ಎಲೆ ಊಟ ಎಲ್ಲ ಇರಲಿ. ಆ ನಡುವೆ ಅರ್ಧ ಗಂಟೆ ಓದಿಗೂ ಸಿಗಲಿ. ಮೈಕಿನ ಮುಂದೆ ಬಾಯಿಪಾಠ ಒಪ್ಪಿಸುವ ಸ್ಪರ್ಧೆ ಬೇಡ. ಒಂದು ಮೂಲೆಯಲ್ಲಿ ಜಮಖಾನ ಹಾಸಿ, ಹಿರಿಯರೊಬ್ಬರು ಹತ್ತು ಮಕ್ಕಳಿಗೆ ಕಥೆ ಓದಿ ಹೇಳಿದರೆ ಸಾಕು. ಪಕ್ಕದಲ್ಲಿ ಒಂದು ಪುಸ್ತಕದ ಪೆಟ್ಟಿಗೆ ಇರಲಿ. ಓದಿದ್ದನ್ನು ಇಟ್ಟು, ಓದದ್ದನ್ನು ಒಯ್ಯುವುದು. ಪುಸ್ತಕ ಎಲ್ಲಿಂದ ಎನ್ನುವವರಿಗೂ ದಾರಿಯಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ‘ಸ್ಟೋರಿವೀವರ್’ ತಾಣದಲ್ಲಿ ಹಂತ ಹಂತವಾಗಿ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಊರಿಂದ ಬರುವ ಅಪ್ಪ ಅಮ್ಮನ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳದ ಜೊತೆಗೆ ನಾಲ್ಕು ತೆಳು ಪುಸ್ತಕಗಳಿಗೆ ಜಾಗ ಇದ್ದೇ ಇರುತ್ತದೆ. ಜರ್ಮನ್ ಪುಸ್ತಕಗಳಿಗಂತೂ ಹೈಡ್‌ಪ್ಲಾಟ್ಸ್ ಚೌಕದ ಟೋನ್-ಡಿಟ್‌ಮರ್ ಅರಮನೆಯಲ್ಲಿ ನಗರ ಗ್ರಂಥಾಲಯವೇ ಇದೆ.

ಊರಿನಲ್ಲಿರುವ ಅಜ್ಜ ಅಜ್ಜಿಯರಿಗೂ ಇದರಲ್ಲಿ ಪಾಲು ಕೊಡೋಣ. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆಯ ಅಂತರ. ಮಗು ಮಲಗುವ ಹೊತ್ತಿಗೆ ಅಲ್ಲಿ ನಡುರಾತ್ರಿ. ಆದರೆ ಶಾಲೆಯಿಂದ ಬಂದು ಉಂಡ ಮೇಲೆ, ಮಧ್ಯಾಹ್ನ ಮೂರಕ್ಕೆ, ಊರಲ್ಲಿ ಸಂಜೆ ಏಳೂವರೆ. ‘ಊಟ ಆಯ್ತಾ ಪುಟ್ಟಾ’ ಎಂಬಲ್ಲಿಗೇ ಮುಗಿದುಹೋಗುವ ವಿಡಿಯೊ ಕರೆಯಲ್ಲಿ ಅಜ್ಜಿ ಎರಡು ಪುಟ ಓದಿದರೆ ಮಾತಿಗೂ ಒಂದು ವಿಷಯ ಸಿಗುತ್ತದೆ. ಮರುದಿನ ‘ಆಮೇಲೇನಾಯ್ತು ಅಜ್ಜಿ?’ ಎಂಬ ಪ್ರಶ್ನೆಯೂ ಬರುತ್ತದೆ.

ಇದು ಹೊರನಾಡಿನ ಮಕ್ಕಳದ್ದಷ್ಟೇ ಸಮಸ್ಯೆಯಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಪುಸ್ತಕದ ಬಳಿ ಕರೆತಂದಿದೆ. ತಾವು ಓದಿದ ಶಾಲೆಗೆ ಏನಾದರೂ ಕೊಡಬೇಕೆಂದು ಹೊರಡುವ ಅನಿವಾಸಿಗಳು ಕಂಪ್ಯೂಟರ್, ಪ್ರೊಜೆಕ್ಟರ್ ಎಂದು ಯೋಚಿಸುವಾಗ ಊರಿನ ಆ ಗ್ರಂಥಾಲಯದ ಮಕ್ಕಳ ಕಪಾಟನ್ನೂ ಒಮ್ಮೆ ತೆರೆದು ನೋಡಲಿ. ರಜೆಗೆ ಹೋದಾಗ ಒಂದು ಮಧ್ಯಾಹ್ನ ತಮ್ಮ ಮಕ್ಕಳನ್ನೂ ಅಲ್ಲಿಗೆ ಕರೆದೊಯ್ದು, ಊರ ಮಕ್ಕಳ ಜೊತೆ ಕೂರಿಸಿ ಗಟ್ಟಿಯಾಗಿ ಓದಿಸಲಿ. ರೇಗನ್ಸ್‌ಬರ್ಗ್‌ನ ತರಗತಿಗಳಲ್ಲಿ ಸರಾಗ ಓದುವವರನ್ನೂ ತಡವರಿಸುವವರನ್ನೂ ಜೋಡಿ ಮಾಡುತ್ತಾರಲ್ಲ, ಅದೇ ರೀತಿ. ಇಲ್ಲಿ ಜರ್ಮನ್ ಚೆನ್ನಾಗಿ ಓದುವ ನಮ್ಮ ಮಗು ಅಲ್ಲಿ ಕನ್ನಡದಲ್ಲಿ ತಡವರಿಸಿದರೆ ಊರಿನ ಮಗುವೇ ತಿದ್ದಲಿ.

ಈ ಸಲದ ರಾಜ್ಯೋತ್ಸವದ ಆಹ್ವಾನಪತ್ರಿಕೆ ಸಿದ್ಧಪಡಿಸುವ ಕೂಟಗಳ ಪದಾಧಿಕಾರಿಗಳು ಅದರಲ್ಲಿ ‘ಮಕ್ಕಳಿಗೆ ಓದು, ಅರ್ಧ ಗಂಟೆ’ ಎಂಬ ಒಂದು ಸಾಲು ಸೇರಿಸಲಿ. ಮನೆಯವರು ಹಬ್ಬದವರೆಗೆ ಕಾಯಬೇಕಿಲ್ಲ, ಹದಿನೈದು ನಿಮಿಷವನ್ನು ಇಂದು ಸಂಜೆಯೇ ಶುರುಮಾಡಬಹುದು.