ಪುಟ್ಟ ವಿಮಾನಕ್ಕೆ ಯಾವ ಶಕ್ತಿ?

ವ್ಯಾಕರಣ ಹೇಳುವವನಿಗೆ ವಿಮಾನದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಶಾಲೆಯ ವಿದ್ಯಾರ್ಥಿಗಳು ನೆಲದ ಮೇಲೆ ನಿಂತೇ ನಡೆಸಬಹುದಾದ ಮಾನವರಹಿತ ಪುಟ್ಟ ವಿಮಾನವೊಂದನ್ನು ಕಟ್ಟಹೊರಟಿದ್ದಾರೆ. ಅದಕ್ಕೆ ನೆರವು ನೀಡಲು ಮುಂದೆ ಬಂದ ಹಳೆಯ ವಿದ್ಯಾರ್ಥಿಯೊಬ್ಬರು, "ಎಂಜಿನ್ ಕೊಡಿಸಲೋ, ಬ್ಯಾಟರಿ ಕೊಡಿಸಲೋ?" ಎಂದು ಕೇಳಿದ್ದಾರೆ. ಶ್ರೀಗಳವರ ಸನ್ನಿಧಿಯಲ್ಲಿ ನಡೆದ ಆ ಚರ್ಚೆಯನ್ನು ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದುದರಿಂದ, ವಿಜ್ಞಾನದ ಅಧ್ಯಾಪಕರನ್ನು ಕಾಡಿ ಬೇಡಿ ತಿಳಿದುಕೊಂಡ ನಾಲ್ಕು ಮಾತುಗಳನ್ನು ನನ್ನ ಅಭಿಪ್ರಾಯದೊಡನೆ ಇಲ್ಲಿ ನಿವೇದಿಸುತ್ತೇನೆ.

ಎಂಜಿನ್ನಿನ ಪಕ್ಷ ದುರ್ಬಲವಾದುದೇನಲ್ಲ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12,000 ವಾಟ್-ಗಂಟೆಗಳಷ್ಟು ಶಕ್ತಿ ಅಡಗಿದೆ. ಹವ್ಯಾಸಿಗಳು ಬಳಸುವ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ ಅಷ್ಟೇ ತೂಕಕ್ಕೆ 150ರಿಂದ 200 ಮಾತ್ರ. ಮೇಲಾಗಿ ಇಂಧನ ಉರಿದಂತೆ ವಿಮಾನ ಹಗುರಾಗುತ್ತದೆ. ಬ್ಯಾಟರಿಯಾದರೋ ಬರಿದಾದ ಮೇಲೂ ತನ್ನ ಭಾರವನ್ನು ಕಳೆದುಕೊಳ್ಳದು. ಆದರೆ ಇಂಥ ಪುಟ್ಟ ವಿಮಾನದ ಗ್ಲೋ ಎಂಜಿನ್ನಿಗೆ ಬೇಕಾದುದು ಮೆಥನಾಲ್ ಇಂಧನ. ಅದರಲ್ಲಿ ಹರಳೆಣ್ಣೆಯನ್ನು ಬೆರೆಸುವುದುಂಟೆಂದು ಕೇಳಿ ನನಗೆ ನಗು ಬಂದಿತು. ಮೆಥನಾಲ್ ವಿಷವೆಂದು ಕೇಳಿದೊಡನೆ ಆ ನಗು ನಿಂತಿತು. ಪ್ರಸಾದನಿಲಯದ ಮಕ್ಕಳು ಓಡಾಡುವಲ್ಲಿ ಅದನ್ನಿಡಲು ನಾನಂತೂ ಒಪ್ಪಲಾರೆ.

ಆದುದರಿಂದ ಬ್ಯಾಟರಿಯೇ ಇರಲಿ. ಆದರೆ "ದೊಡ್ಡದನ್ನೇ ಕೊಡಿಸೋಣ" ಎಂಬ ಉದಾರವಾದ ಮಾತನ್ನು ವಿನಯದಿಂದ ವಿರೋಧಿಸುತ್ತೇನೆ. ಮೂರು ಕೋಶಗಳ, 11.1 ವೋಲ್ಟಿನ, 2,200 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು ಸುಮಾರು 24 ವಾಟ್-ಗಂಟೆ. ಐದರಲ್ಲೊಂದು ಪಾಲು ಉಳಿದಿರುವಾಗಲೇ ವಿಮಾನವನ್ನು ಇಳಿಸಬೇಕೆಂಬುದು ಬಲ್ಲವರ ರೂಢಿ. ಹಾರಾಟಕ್ಕೆ 120 ವಾಟ್ ಬೇಕಾದರೆ ಹತ್ತು ನಿಮಿಷಕ್ಕೆ ಆಟ ಮುಗಿಯಿತು. ಬ್ಯಾಟರಿಯನ್ನು ಇಮ್ಮಡಿಸಿದರೆ ಹಾರಾಟ ಇಮ್ಮಡಿಯಾಗದು. ಹೆಚ್ಚಿದ ಭಾರವನ್ನು ಹೊರುವುದಕ್ಕೇ ಒಂದು ಪಾಲು ವ್ಯಯವಾಗುವುದು.

ಈ ಬ್ಯಾಟರಿಗೆ ನೇಮನಿಷ್ಠೆಯೂ ಹೆಚ್ಚು. ಒಂದೊಂದು ಕೋಶವೂ 4.2 ವೋಲ್ಟನ್ನು ಮೀರಕೂಡದು, 3ಕ್ಕಿಂತ ಕೆಳಗಿಳಿಯಕೂಡದು; ಬಳಸದೆ ಇಡುವಾಗ 3.8ರ ಆಸುಪಾಸಿನಲ್ಲಿರಬೇಕು. ಕಳೆದ ವರ್ಷ ದಾನವಾಗಿ ಬಂದ ಬ್ಯಾಟರಿಯೊಂದನ್ನು ಪೂರ್ಣ ತುಂಬಿಸಿ, ಬೇಸಿಗೆಯ ರಜೆಯುದ್ದಕ್ಕೂ ಕಪಾಟಿನಲ್ಲಿಟ್ಟು ಮರೆತೆವು. ಜೂನಿನಲ್ಲಿ ತೆರೆದಾಗ ಅದು ಪೂರಿಯಂತೆ ಉಬ್ಬಿತ್ತು. ಅಂಥದನ್ನು ಮತ್ತೆ ಚಾರ್ಜು ಮಾಡಿದರೆ ಬೆಂಕಿ ಹೊತ್ತಿಕೊಳ್ಳಬಹುದೆಂದು ಅಧ್ಯಾಪಕರು ತಡೆಯದಿದ್ದರೆ ಹುಡುಗರು ಮಾಡಿಯೇಬಿಡುತ್ತಿದ್ದರು. ತಪ್ಪು ದಾನಿಗಳದಲ್ಲ, ನಮ್ಮದೇ. ಆದರೂ ಹೇಳಲೇಬೇಕು: ಬ್ಯಾಟರಿ ಬಂದಿತ್ತು, ಮೂರೂ ಕೋಶಗಳನ್ನು ಸಮವಾಗಿ ತುಂಬಿಸುವ ಚಾರ್ಜರು ಬಂದಿರಲಿಲ್ಲ. ದಾನಿಗಳ ಹೆಸರು ಬರೆಯಿಸಲು ವಿಮಾನದ ರೆಕ್ಕೆಯ ಮೇಲೆ ಸ್ಥಳವಿದೆ, ಚಾರ್ಜರಿನ ಮೇಲೆಲ್ಲಿದೆ?

ಎಂಜಿನ್ನು, ಬ್ಯಾಟರಿ ಎರಡನ್ನೂ ಬಿಟ್ಟು ಮೂರನೆಯದೊಂದುಂಟು. ಚರ್ಚೆಯಲ್ಲಿ ಯಾರೂ ಅದರ ಹೆಸರೆತ್ತಲಿಲ್ಲ. ಫ್ರಾನ್ಸಿನ ಆಲ್ಫೋನ್ಸ್ ಪೆನೋ 1871ರಲ್ಲಿ ಪ್ಯಾರಿಸಿನ ಟ್ವೀಲರಿ ಉದ್ಯಾನದಲ್ಲಿ ತನ್ನ ಮಾದರಿ ವಿಮಾನವನ್ನು 11 ಸೆಕೆಂಡುಗಳ ಕಾಲ ಹಾರಿಸಿದುದು ತಿರುಚಿದ ರಬ್ಬರಿನ ಬಲದಿಂದ. ರಬ್ಬರಿನಿಂದಲೇ ಮೇಲೇರುವ ಆಟಿಕೆಯೊಂದನ್ನು 1878ರಲ್ಲಿ ತಂದೆ ತಂದುಕೊಟ್ಟುದನ್ನು ರೈಟ್ ಸಹೋದರರು ದೊಡ್ಡವರಾದ ಮೇಲೂ ನೆನೆದಿದ್ದಾರೆ. ಕೆಳಗಿನ ತರಗತಿಯ ಮಕ್ಕಳು ಅಲ್ಲಿಂದಲೇ ತೊಡಗಲಿ; ಎಳೆ ಹರಿದರೆ ಬೆರಳು ಚುರುಗುಟ್ಟೀತು, ಕಪಾಟು ಸುಡಲಾರದು.

ದಾನಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಚಿಕ್ಕ ಬ್ಯಾಟರಿ ಎರಡು, ಒಳ್ಳೆಯ ಚಾರ್ಜರು ಒಂದು, ಬ್ಯಾಟರಿಗಳನ್ನಿಡಲು ಕಬ್ಬಿಣದ ಪೆಟ್ಟಿಗೆಯೊಂದು; ಉಳಿದ ಹಣಕ್ಕೆ ರಬ್ಬರಿನ ಎಳೆ ಮತ್ತು ಹಗುರಾದ ಬಾಲ್ಸಾ ಮರ. ಯಾವ ದಿನ ಎಷ್ಟು ವೋಲ್ಟ್ ಇತ್ತೆಂದು ಬರೆದಿಡುವ ಕೆಲಸ ಬೇಕಾದರೆ ನನಗಿರಲಿ. ಗಣಿತ ಬಾರದಿದ್ದರೂ ಅಕ್ಷರ ದುಂಡಗಿದೆ.