‘ಬರೀ ಹೊಯ್ಗೆ’ ಎನ್ನುವವರಿಗೆ ಬೇಸಿಗೆಯ ಉತ್ತರ

“ಇಲ್ಲಿ ಏನಿದೆ? ಬರೀ ಹೊಯ್ಗೆ.”

ಉತ್ತರ ಕನ್ನಡದ ಕಡಲತೀರದ ಬಗ್ಗೆ ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಜಾಗ ನೋಡಲು ಬಂದವರು ಹೇಳುತ್ತಾರೆ. ಜೀಪು ತಂದು ದಡದ ಮೇಲೆ ಓಡಿಸುವ ಪ್ರವಾಸಿಗರು ಹೇಳುತ್ತಾರೆ. ನಮ್ಮೂರವರೇ ಕೆಲವರು ಹೌದೆಂದು ತಲೆಯಾಡಿಸುತ್ತಾರೆ. ಬೇಸಿಗೆ ಬಂತೆಂದರೆ ಹಕ್ಕಿ ಬಲ್ಲವರೂ ಸೇರಿಕೊಳ್ಳುತ್ತಾರೆ: “ಈಗ ಏನೂ ಇಲ್ಲ, ಎಲ್ಲ ಹೋಗಿವೆ. ಚಳಿಗಾಲಕ್ಕೆ ಬನ್ನಿ.”

ಇದು ಸುಳ್ಳು. ಈ ಸುಳ್ಳಿಗೆ ಬೆಲೆ ತೆರುವವರು ದಡದಲ್ಲಿ ಬದುಕುವ ನಾವು.

ಮಾರ್ಚ್‌ನಿಂದ ಮೇ ತನಕ ಅಲ್ಲಿ ಏನು ನಡೆಯುತ್ತದೆ ನೋಡಿ. ಆಲಿವ್ ರಿಡ್ಲೆ ಕಡಲಾಮೆ ರಾತ್ರಿ ದಡ ಹತ್ತಿ, ಹೊಯ್ಗೆ ತೋಡಿ, ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಮರಿ ಹೊರಬರಲು ಸುಮಾರು 45ರಿಂದ 60 ದಿನ ಬೇಕು. ಹಾಗಾಗಿ ಚಳಿಗಾಲದ ಕೊನೆಯಲ್ಲಿ ಇಟ್ಟ ಮೊಟ್ಟೆ ಒಡೆಯುವುದು ಬೇಸಿಗೆಯಲ್ಲೇ. ಹೊನ್ನಾವರದ ಕಾಸರಕೋಡು ಟೊಂಕದ ಮೀನುಗಾರರಿಗಾಗಲಿ ಕಾರವಾರದ ದೇವಬಾಗದವರಿಗಾಗಲಿ ಇದು ಹೊಸ ಸುದ್ದಿಯಲ್ಲ.

ಟಿಟ್ಟಿಭ ಹಕ್ಕಿ ಗೂಡನ್ನೇ ಕಟ್ಟುವುದಿಲ್ಲ. ಬಯಲಲ್ಲಿ ಸಣ್ಣ ತಗ್ಗು ಮಾಡಿ, ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ ಇಡುತ್ತದೆ. ಜೀಪಿನ ಚಕ್ರಕ್ಕೆ ಅದು ಕಾಣುವುದಿಲ್ಲ. ಅಲೆಯಂಚಿನಲ್ಲಿ ಓಡಾಡುವ ಪುಟ್ಟ ಗೊರವಗಳು ಉತ್ತರಕ್ಕೆ ಹೊರಡುವ ಮೊದಲು ಬಣ್ಣ ಬದಲಿಸುತ್ತವೆ. ಕೆಲವಕ್ಕೆ ಎದೆ ಇಟ್ಟಿಗೆ ಕೆಂಪಾಗುತ್ತದೆ. ಎಲ್ಲವೂ ಹೋಗುವುದೂ ಇಲ್ಲ, ಎಳೆಯ ಹಕ್ಕಿಗಳಲ್ಲಿ ಕೆಲವು ಇಲ್ಲೇ ಉಳಿಯುತ್ತವೆ. ಬಿಳಿ ಹೊಟ್ಟೆಯ ಕಡಲ ಹದ್ದು ವರ್ಷವಿಡೀ ನಮ್ಮದೇ. ಎತ್ತರದ ಮರದ ಅದೇ ಗೂಡಿಗೆ ವರ್ಷ ವರ್ಷವೂ ಮರಳುತ್ತದೆ. ಆ ಮರ ಕಡಿದರೆ ಅದರ ಮನೆಯೇ ಹೋಯಿತು. ಇನ್ನು ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಆರಿಸುವ ಹೆಂಗಸರನ್ನು ಕೇಳಿ. ನೀರುನಾಯಿ ಎಲ್ಲಿ ಓಡಾಡುತ್ತದೆ ಎಂದು ಅವರು ಹೇಳುವಷ್ಟು ಯಾರೂ ಹೇಳಲಾರರು. ಆ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಆ ಹೆಂಗಸರು ಕಂಡದ್ದು ಮಾತ್ರ ಇನ್ನೂ ಯಾವ ಪಟ್ಟಿಯಲ್ಲೂ ಇಲ್ಲ.

“ಇದ್ದರೆ ಇರಲಿ, ನಮಗೇನು?” ಎಂದು ಕೇಳುವವರಿದ್ದಾರೆ. ಅವರಿಗೆ ಕಾನೂನಿನ ಮಾತಲ್ಲೇ ಉತ್ತರ ಕೊಡುತ್ತೇವೆ.

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಅಂದರೆ ಸಿಆರ್‌ಝಡ್, ಕಡಲಾಮೆ ಮೊಟ್ಟೆ ಇಡುವ ಜಾಗ ಮತ್ತು ಹಕ್ಕಿ ಗೂಡು ಮಾಡುವ ಜಾಗ ಎರಡನ್ನೂ ಅತಿ ಸೂಕ್ಷ್ಮ ವರ್ಗಕ್ಕೆ ಸೇರಿಸಿದೆ. ಅಲ್ಲಿ ಹೊಸ ಕೆಲಸಗಳಿಗೆ ಬಿಗಿ ನಿರ್ಬಂಧವಿದೆ. ಅಂದರೆ ಒಂದು ಮೊಟ್ಟೆ ದಾಖಲೆಯಲ್ಲಿದ್ದರೆ ಅದಕ್ಕೆ ಕಾನೂನಿನ ಬಲ. ದಾಖಲೆಯಲ್ಲಿ ಇಲ್ಲದಿದ್ದರೆ ಅದೇ ಜಾಗ ‘ಬರೀ ಹೊಯ್ಗೆ’.

ದಾಖಲೆ ಬರೆಯುವವರು ಯಾರು? ದೊಡ್ಡ ಯೋಜನೆ ಬಂದಾಗ ಕಂಪನಿ ದುಡ್ಡು ಕೊಟ್ಟು ನೇಮಿಸಿದ ಸಲಹೆಗಾರರು. 2006ರ ಪರಿಸರ ಪರಿಣಾಮ ಅಧ್ಯಯನದ ನಿಯಮದಲ್ಲಿ ಹಲವು ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕು. ಚಳಿಗಾಲದಲ್ಲಿ ಬಂದವರಿಗೆ ಬೇಸಿಗೆಯ ಟಿಟ್ಟಿಭದ ಮೊಟ್ಟೆ ಕಾಣದು. ಬೇಸಿಗೆಯಲ್ಲಿ ಬಂದವರಿಗೆ ಚಳಿಗಾಲದ ಹಿಂಡು ಕಾಣದು. ಹಗಲಲ್ಲೇ ಸುತ್ತಿ ಹೋದವರಿಗೆ ರಾತ್ರಿ ಬರುವ ಆಮೆ ಯಾವ ಕಾಲದಲ್ಲೂ ಕಾಣದು. ಕಾಣದ್ದನ್ನು ‘ಇಲ್ಲ’ ಎಂದು ಬರೆದರೆ ಅದು ಅಧ್ಯಯನವಲ್ಲ, ಅಳಿಸುವ ಕೆಲಸ.

ಆಮೇಲೆ ಸಾರ್ವಜನಿಕ ಅಹವಾಲು ಸಭೆ. 30 ದಿನ ಮೊದಲು ನೋಟಿಸು. ಕನ್ನಡದಲ್ಲಿ ಸಾಮಾನ್ಯವಾಗಿ ಸಿಗುವುದು ಸಾರಾಂಶ ಮಾತ್ರ. ನಮ್ಮವರು ಎದ್ದು ನಿಂತು “ನಾವು ಕಣ್ಣಾರೆ ಕಂಡಿದ್ದೇವೆ ಸಾರ್” ಎನ್ನುತ್ತಾರೆ. “ಪುರಾವೆ ಏನಿದೆ?” ಎಂಬ ಪ್ರಶ್ನೆ ಬರುತ್ತದೆ. ಮೂವತ್ತು ವರ್ಷ ರಂಪಣಿ ಬಲೆ ಎಳೆದವರು ಅಲ್ಲಿ ಸುಮ್ಮನಾಗುತ್ತಾರೆ.

ನಮಗೆ ಕೆಲಸ ಬೇಡ, ರಸ್ತೆ ಬೇಡ ಎಂದು ನಾವು ಹೇಳುತ್ತಿಲ್ಲ. ಹಕ್ಕಿಯ ಜಾತಿ ಗುರುತಿಸಲು ತಜ್ಞರು ಬೇಕು ಎನ್ನುವುದನ್ನೂ ಒಪ್ಪುತ್ತೇವೆ. ಆದರೆ ಮೂರು ದಿನ ಬಂದವರ ನೋಟ ಪುರಾವೆಯಾಗಿ, ಮೂವತ್ತು ವರ್ಷ ಇದ್ದವರ ನೋಟ ಬರೀ ಮಾತಾಗುವುದನ್ನು ಒಪ್ಪುವುದಿಲ್ಲ.

ಆದ್ದರಿಂದ ಬರೆದಿಡಿ. ನಿಮ್ಮ ಕೈಯಲ್ಲಿ ಫೋನ್ ಇದೆ. ಕಂಡದ್ದರ ಫೋಟೊ ತೆಗೆಯಿರಿ. ದಿನಾಂಕ, ಹೊತ್ತು, ಜಾಗ, ಎಷ್ಟಿದ್ದವು, ಏನು ಮಾಡುತ್ತಿದ್ದವು ಎಂದು ನಾಲ್ಕು ಸಾಲು ಕನ್ನಡದಲ್ಲೇ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಊರಲ್ಲಿ ಕರೆಯುವ ಹೆಸರನ್ನೇ ಹಾಕಿ. ಆಮೆಯ ಗೂಡು ಕಂಡರೆ ಮೊದಲು ಅರಣ್ಯ ಇಲಾಖೆಗೆ ತಿಳಿಸಿ, ತಿಳಿಸಿದ್ದನ್ನೂ ಬರೆದಿಡಿ. ಅಹವಾಲಿನ ನೋಟಿಸು ಬಂದ ದಿನ ಇದೆಲ್ಲವನ್ನೂ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಲಿಖಿತ ಆಕ್ಷೇಪಣೆ ನಿಮ್ಮ ಹಕ್ಕು.

ಒಂದು ತಪ್ಪನ್ನು ಇಲ್ಲೇ ಒಪ್ಪಿಕೊಳ್ಳುತ್ತೇವೆ. ಒಮ್ಮೆ ನಾವೇ ಆಮೆ ಗೂಡಿನ ವಿಡಿಯೊವನ್ನು ಜಾಗದ ಹೆಸರು ಸಮೇತ ವಾಟ್ಸ್ಆ್ಯಪ್‌ಗೆ ಹಾಕಿದೆವು. ಮರುದಿನ ಸಂಜೆ ಅಲ್ಲಿ ಜನಜಾತ್ರೆ, ಕೈಯಲ್ಲಿ ಟಾರ್ಚು. ಆಮೆಮರಿ ಬೆಳಕು ಕಂಡತ್ತ ನಡೆಯುತ್ತದೆ. ಕಡಲು ಬಿಟ್ಟು ಟಾರ್ಚಿನ ಕಡೆಗೇ ಬಂದೀತು ಎಂದು ನಮಗೆ ಆಗ ಹೊಳೆಯಲಿಲ್ಲ. ಗೂಡು, ಮೊಟ್ಟೆ, ಮರಿಯ ಜಾಗ ನಿಮ್ಮ ಪುಸ್ತಕದಲ್ಲಿರಲಿ, ಇಲಾಖೆಗೆ ಹೋಗಲಿ, ಗ್ರೂಪಿಗೆ ಬೇಡ.

ಜೂನ್ 1ಕ್ಕೆ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ, ಮಳೆ ಹಿಡಿಯುತ್ತದೆ. ಹೊಯ್ಗೆಯ ಮೇಲಿನ ಹೆಜ್ಜೆಗುರುತೆಲ್ಲ ಅಳಿಸಿಹೋಗುತ್ತದೆ. ಅಷ್ಟರೊಳಗೆ ಈ ಬೇಸಿಗೆಯಲ್ಲಿ ಕಂಡದ್ದು ನಿಮ್ಮ ಪುಸ್ತಕ ಸೇರಿರಲಿ. ಮುಂದಿನ ಸಲ ಯಾರಾದರೂ “ಬರೀ ಹೊಯ್ಗೆ” ಎಂದಾಗ ಅದನ್ನು ಅವರ ಮುಂದೆ ತೆರೆದಿಡಿ.